ನಿಮ್ಮ ಬ್ರೌಸರ್‌ಗೆ ಬೆಂಬಲವಿಲ್ಲ

ನಿನ್ನೆ ರಾತ್ರಿ ಹನ್ನೊಂದರ ಹೊತ್ತಿಗೆ ಅಮ್ಮನ ಆರೋಗ್ಯ ವಿಮೆ ನವೀಕರಿಸಲು ಕುಳಿತೆ. ಕಂತು ಕಟ್ಟಲು ಅದೇ ಕೊನೆಯ ದಿನ. ಕಂಪನಿಯ ಹೆಸರು ಬರೆಯುವುದಿಲ್ಲ, ಇದು ಅವರೊಬ್ಬರ ರೋಗವಲ್ಲ. ಪುಟ ತೆರೆದುಕೊಂಡಿತು, ಅರೆಕ್ಷಣ ಅರ್ಜಿಯೂ ಕಾಣಿಸಿತು. ಅಷ್ಟರಲ್ಲಿ ಅದರ ಮೇಲೆ ಬಿಳಿಯ ಪರದೆಯೊಂದು ಬಂದು ಕೂತಿತು: “ನಿಮ್ಮ ಬ್ರೌಸರ್‌ಗೆ ಬೆಂಬಲವಿಲ್ಲ. ದಯವಿಟ್ಟು ಕ್ರೋಮ್ ಬಳಸಿ.” ನಾನು ಬಳಸುತ್ತಿದ್ದದ್ದು ಫೈರ್‌ಫಾಕ್ಸ್, ಅದೂ ಹೊಚ್ಚಹೊಸ ಆವೃತ್ತಿ.

ವೆಬ್ ತಾಣ ಕಟ್ಟುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ಬೈದು ಸುಮ್ಮನಾಗಲು ಮನಸ್ಸಾಗಲಿಲ್ಲ, ಪುಟದ ಒಳಗೆ ಇಣುಕಿದೆ. ಪುಟವನ್ನು ಕೇಳುವಾಗಲೆಲ್ಲ ಬ್ರೌಸರ್ ತಾನು ಯಾರೆಂದು ಹೇಳುವ ಒಂದು ಸಾಲನ್ನು ಕಳುಹಿಸುತ್ತದೆ, ಯೂಸರ್ ಏಜೆಂಟ್ ಎನ್ನುತ್ತಾರಲ್ಲ, ಅದು. ಆ ಸಾಲಿನಲ್ಲಿ ಕ್ರೋಮ್ ಎಂಬ ಪದ ಇದೆಯೇ ಎಂದಷ್ಟೇ ಈ ತಾಣ ಹುಡುಕುತ್ತಿತ್ತು. ನನ್ನ ಫೈರ್‌ಫಾಕ್ಸ್ ತನ್ನನ್ನು ಕ್ರೋಮ್ ಎಂದು ಹೇಳಿಕೊಳ್ಳುವಂತೆ ಬದಲಿಸಿ ಪುಟವನ್ನು ಮತ್ತೆ ತೆರೆದೆ. ಪರದೆ ಮಾಯ! ಅರ್ಜಿ ತುಂಬಿದೆ, ಜನ್ಮದಿನಾಂಕ ಆರಿಸಿದೆ, ವೈದ್ಯಕೀಯ ವರದಿ ಏರಿಸಿದೆ, ಹಣ ಕಟ್ಟಿದೆ. ಒಂದು ಕಡೆಯೂ ತೊಡಕಾಗಲಿಲ್ಲ.

ಅಂದರೆ ಆ ಪರದೆಯ ಮೇಲೆ ಬರೆದಿದ್ದದ್ದು ಸುಳ್ಳು. ನನಗೆ ಸಿಟ್ಟು ಬಂದದ್ದು ಅದಕ್ಕೆ. ಬ್ರೌಸರ್‌ಗೆ ಏನೂ ಕೊರತೆ ಇರಲಿಲ್ಲ, ಯಾರೋ ಬಾಗಿಲಿಗೆ ಅಗುಳಿ ಹಾಕಿ, ಬಾಗಿಲೇ ಇಲ್ಲ ಎಂದು ಹೇಳುತ್ತಿದ್ದರು. ನನಗೆ ಅಗುಳಿ ತೆಗೆಯುವ ಉಪಾಯ ಗೊತ್ತಿತ್ತು. ಅಮ್ಮ ಒಬ್ಬರೇ ಕುಳಿತಿದ್ದರೆ ತಮ್ಮದೇ ತಪ್ಪೆಂದುಕೊಂಡು ಎದ್ದು ಹೋಗುತ್ತಿದ್ದರು.

ಈ ಅಗುಳಿ ಹೊಸದೂ ಅಲ್ಲ. ತೊಂಬತ್ತರ ದಶಕದಲ್ಲಿ ನೆಟ್‌ಸ್ಕೇಪ್ ಎಂಬ ಬ್ರೌಸರ್ ತನ್ನ ಗುರುತಿನ ಸಾಲಿನಲ್ಲಿ ಮೊಜಿಲ್ಲಾ ಎಂದು ಹೇಳಿಕೊಳ್ಳುತ್ತಿತ್ತು. ಕೆಲವು ತಾಣಗಳು ಆ ಹೆಸರು ಹೇಳಿದವರಿಗೆ ಮಾತ್ರ ಚೆಂದದ ಪುಟ ಕೊಡತೊಡಗಿದವು. ಆಗ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಕೂಡ ಮೊಜಿಲ್ಲಾ ಎಂದೇ ಹೇಳಿಕೊಂಡು ಒಳಗೆ ನುಗ್ಗಿತು. 2008ರಲ್ಲಿ ಬಂದ ಕ್ರೋಮ್ ಮಾಡಿದ್ದೂ ಅದನ್ನೇ. ಇವತ್ತಿಗೂ ಅದರ ಗುರುತಿನ ಸಾಲನ್ನು ಓದಿ ನೋಡಿ: ಮೊದಲು ಮೊಜಿಲ್ಲಾ, ಆಮೇಲೆ ಸಫಾರಿಯ ತಿರುಳಾದ ಆ್ಯಪಲ್‌ವೆಬ್‌ಕಿಟ್, ಆಮೇಲೆ ಫೈರ್‌ಫಾಕ್ಸ್‌ನ ತಿರುಳನ್ನು ಹೆಸರಿಸುವ “ಗೆಕ್ಕೊ ಹಾಗೆ” ಎಂಬ ಒಕ್ಕಣೆ, ತನ್ನ ಹೆಸರು, ಕೊನೆಗೆ ಆ್ಯಪಲ್‌ನ ಬ್ರೌಸರ್ ಸಫಾರಿ. ಹಿಂದಿನವರು ಹಾಕಿದ ಅಗುಳಿಗಳನ್ನೆಲ್ಲ ಹಾಗೆ ದಾಟಿ ಬಂದ ಬ್ರೌಸರ್‌ನ ಹೆಸರಲ್ಲಿ ಈಗ ಹೊಸ ಅಗುಳಿ. ಕ್ರೋಮ್‌ನದೇ ತಿರುಳಿನ ಮೇಲೆ ನಿಂತ ವಿವಾಲ್ಡಿ ಎಂಬ ಬ್ರೌಸರನ್ನೂ ತಾಣಗಳು ಹೆಸರು ನೋಡಿ ಹೊರಗಿಟ್ಟವು. 2019ರ ಕೊನೆಗೆ ಅದು ತನ್ನ ಹೆಸರನ್ನೇ ಕೈಬಿಟ್ಟು ಕ್ರೋಮ್ ಎಂದು ಹೇಳಿಕೊಳ್ಳಲು ನಿರ್ಧರಿಸಿತು. ಒಳಗೆ ಅದೇ ಯಂತ್ರ, ಹೆಸರು ಮಾತ್ರ ಬೇರೆ, ಅಷ್ಟಕ್ಕೇ ಬಹಿಷ್ಕಾರ. ಇದಕ್ಕಿಂತ ಸಾಕ್ಷಿ ಇನ್ನೇನು ಬೇಕು?

ನನಗೆ ಇದು ಇಷ್ಟು ನೋಯಲು ಇನ್ನೊಂದು ಕಾರಣವಿದೆ. ಬ್ರೌಸರ್‌ಗಳು ಇಷ್ಟು ಸಮರ್ಥವಾಗಿ, ಇಷ್ಟು ಹೊಂದಾಣಿಕೆಯಿಂದ ಇದ್ದ ಕಾಲವನ್ನು ನಾನು ನೋಡಿಯೇ ಇರಲಿಲ್ಲ. ತನ್ನೊಳಗೆ ಏನಿದೆ ಎಂಬುದನ್ನು ನೋಡಿ ಹೊರಗಿನ ಪೆಟ್ಟಿಗೆಯ ರೂಪ ಬದಲಿಸುವುದು ಪುಟಗಳ ಅಂದಚೆಂದ ಹೇಳುವ ಸಿಎಸ್‌ಎಸ್ ಭಾಷೆಯಲ್ಲಿ ಆಗದ ಮಾತು ಎಂದು ನಾವೆಲ್ಲ ವರ್ಷಾನುಗಟ್ಟಲೆ ನಂಬಿದ್ದೆವು. 2023ರ ಡಿಸೆಂಬರ್‌ನಲ್ಲಿ ಫೈರ್‌ಫಾಕ್ಸ್‌ಗೂ ಅದು ಬಂದ ಮೇಲೆ ಎಲ್ಲ ಪ್ರಮುಖ ಬ್ರೌಸರ್‌ಗಳಲ್ಲೂ ಒಂದೇ ಸಾಲಿನ ಕೆಲಸ. ಆ ದಿನ ನಾನು ಹಳೆಯ ಯೋಜನೆಯೊಂದನ್ನು ತೆರೆದು, ಅದೇ ಕೆಲಸಕ್ಕೆಂದು ಬರೆದಿದ್ದ ನಲವತ್ತು ಸಾಲು ಜಾವಾಸ್ಕ್ರಿಪ್ಟ್ ಅಳಿಸಿದೆ. ಅಳಿಸುವಾಗ ಆದ ಸಂತೋಷವನ್ನು ಈ ಕಸುಬಿನವರೇ ಬಲ್ಲರು. ಭಾರಿ ತಂತ್ರಾಂಶವನ್ನು ಬ್ರೌಸರ್‌ನೊಳಗೆ ವೇಗವಾಗಿ ಓಡಿಸುವ ವೆಬ್‌ಅಸೆಂಬ್ಲಿ 2017ರಲ್ಲೇ ನಾಲ್ಕೂ ದೊಡ್ಡ ಬ್ರೌಸರ್‌ಗಳಿಗೆ ಬಂತು, ಅದರ ಬಲದಿಂದ ಫೋಟೊಶಾಪ್ ಕೂಡ ಈಗ ಬ್ರೌಸರ್ ಕಿಟಕಿಯೊಳಗೆ ಓಡುತ್ತದೆ. ಪುಟಗಳಿಗೆ ಗ್ರಾಫಿಕ್ಸ್ ಚಿಪ್‌ನ ಬಲ ಕೊಡುವ ವೆಬ್‌ಜಿಪಿಯು 2023ರಲ್ಲಿ ಕ್ರೋಮ್‌ಗೆ ಬಂತು, 2025ರಲ್ಲಿ ಸಫಾರಿಗೂ ವಿಂಡೋಸ್‌ನ ಫೈರ್‌ಫಾಕ್ಸ್‌ಗೂ ಬಂತು. ಇಂಥ ಯಂತ್ರಗಳಿಗೆ ಒಂದು ವಿಮೆ ಅರ್ಜಿ ತೋರಿಸುವುದು ಅಸಾಧ್ಯವಂತೆ!

“ಎಲ್ಲ ಬ್ರೌಸರ್‌ಗಳಲ್ಲಿ ಪರೀಕ್ಷೆ ಮಾಡಲು ನಮಗೆ ಸಮಯವೆಲ್ಲಿದೆ, ಮೂರನೇ ಎರಡರಷ್ಟು ಜನ ಕ್ರೋಮ್‌ನಲ್ಲೇ ಬರುತ್ತಾರೆ” ಎಂದು ಕಸುಬಿನ ಗೆಳೆಯರು ಹೇಳುತ್ತಾರೆ. ಸಣ್ಣ ತಂಡಗಳ ಕಷ್ಟ ನನಗೆ ಗೊತ್ತು, ನಾನೂ ಅಂಥ ತಂಡದಲ್ಲೇ ಇದ್ದೇನೆ. ಆದರೆ ಪರೀಕ್ಷೆ ಮಾಡಿಲ್ಲ ಎನ್ನುವುದಕ್ಕೂ ಒಳಗೆ ಬಿಡುವುದಿಲ್ಲ ಎನ್ನುವುದಕ್ಕೂ ಅಜಗಜಾಂತರ. ಪರೀಕ್ಷೆ ಮಾಡಿಲ್ಲವೆಂದರೆ ಹಾಗೆಂದು ಒಂದು ಸಾಲು ಬರೆದು ಅರ್ಜಿಯನ್ನು ತೆರೆದಿಡಿ. ಯಾವುದೋ ಸೌಲಭ್ಯ ಬೇಕೇ ಬೇಕೆಂದಿದ್ದರೆ, ಅದು ಇದೆಯೇ ಎಂದು ಬ್ರೌಸರನ್ನೇ ಕೇಳಿ, ಅದು ಹೇಳುತ್ತದೆ. ಹೆಸರು ಕೇಳಿ ಯೋಗ್ಯತೆ ಅಳೆಯುವ ಅಗತ್ಯವೇ ಇಲ್ಲ. ಅಗುಳಿ ಬರೆಯಲು ಸಮಯ ಸಿಕ್ಕಿತಲ್ಲ ಇವರಿಗೆ! ಕೂಡಿ ಕೆಲಸ ಮಾಡುವುದು ಆಗದ ಮಾತೂ ಅಲ್ಲ. ಮಾರುಕಟ್ಟೆಯಲ್ಲಿ ಎದುರುಬದುರು ನಿಂತ ಆ್ಯಪಲ್, ಗೂಗಲ್, ಮೈಕ್ರೋಸಾಫ್ಟ್, ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾ 2022ರಿಂದ ಇಂಟರಾಪ್ ಎಂಬ ಹೆಸರಿನಲ್ಲಿ ಪ್ರತಿ ವರ್ಷ ಒಂದೇ ಪರೀಕ್ಷೆಗಳ ಪಟ್ಟಿ ಹಿಡಿದು ತಂತಮ್ಮ ವ್ಯತ್ಯಾಸಗಳನ್ನು ಸರಿಪಡಿಸಿಕೊಳ್ಳುತ್ತಿವೆ.

ಒಂದು ತಪ್ಪೊಪ್ಪಿಗೆ. 2003ರಲ್ಲಿ ನಾನು ಕಟ್ಟಿದ ಮೊದಲ ತಾಣದ ಅಡಿಯಲ್ಲಿ, ಇಂಟರ್‌ನೆಟ್ ಎಕ್ಸ್‌ಪ್ಲೋರರ್ 6ರಲ್ಲೇ ನೋಡಿ ಎಂದು ಬರೆದಿದ್ದೆ. ಆಗ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಜನ ಎಕ್ಸ್‌ಪ್ಲೋರರ್‌ನ ಯಾವುದಾದರೊಂದು ಆವೃತ್ತಿ ಬಳಸುತ್ತಿದ್ದರು, ಉಳಿದವರ ಗೊಡವೆ ನನಗೇಕೆ ಎನ್ನಿಸಿತ್ತು. ಗೆದ್ದು ಕೂತ ಆ ಬ್ರೌಸರ್‌ನ ಮುಂದಿನ ಆವೃತ್ತಿ ಬರಲು 2001ರಿಂದ 2006ರವರೆಗೆ ಐದು ವರ್ಷ ಹಿಡಿಯಿತು. ನಡುವೆ 2004ರಲ್ಲಿ ಫೈರ್‌ಫಾಕ್ಸ್ ಬಾರದಿದ್ದರೆ ಇನ್ನೆಷ್ಟು ಕಾಲ ಕಾಯಬೇಕಿತ್ತೋ. ಆ ಕಾಯುವಿಕೆಗೆ ನನ್ನ ಆ ಒಂದು ಸಾಲೂ ಕೈಜೋಡಿಸಿತ್ತು. ಈಗಲೂ ನೆನೆದರೆ ಹೊಟ್ಟೆಯೊಳಗೆ ಸಂಕಟವಾಗುತ್ತದೆ.

ಅವತ್ತಿಗಿಂತ ಇವತ್ತು ಭಯ ಹೆಚ್ಚು. ಒಪೆರಾ ಬ್ರೌಸರ್ 2013ರಲ್ಲಿ ಪುಟವನ್ನು ಓದಿ ತೋರಿಸುವ ತನ್ನದೇ ಎಂಜಿನ್ ಬಿಟ್ಟು, ಕ್ರೋಮ್‌ನ ತಿರುಳಾದ ಕ್ರೋಮಿಯಂ ಸೇರಿತು, ಮೈಕ್ರೋಸಾಫ್ಟ್‌ನ ಎಡ್ಜ್ 2020ರಲ್ಲಿ ಸೇರಿತು. ಬಳಕೆಯಲ್ಲಿ ಲೆಕ್ಕಕ್ಕೆ ಬರುವ ಎಂಜಿನ್‌ಗಳು ಉಳಿದಿರುವುದು ಮೂರು. 2023ರಲ್ಲಿ ಗೂಗಲ್‌ನ ಎಂಜಿನಿಯರ್‌ಗಳು ಇನ್ನೊಂದು ಪ್ರಸ್ತಾವ ತಂದಿದ್ದರು: ಬ್ರೌಸರ್ ಓಡುತ್ತಿರುವ ಸಾಧನ ನಂಬಿಕೆಗೆ ಅರ್ಹವೇ ಎಂದು ಮೂರನೆಯವರೊಬ್ಬರು ಸಹಿ ಹಾಕಿ ತಾಣಕ್ಕೆ ಪ್ರಮಾಣಪತ್ರ ಕೊಡುವ ಏರ್ಪಾಡು. ಎಲ್ಲೆಡೆಯಿಂದ ವಿರೋಧ ಬಂದು ಅದೇ ವರ್ಷದ ನವೆಂಬರ್‌ನಲ್ಲಿ ಕೈಬಿಟ್ಟರು. ಅದು ಜಾರಿಗೆ ಬಂದು ತಾಣಗಳು ಬಾಗಿಲಲ್ಲೇ ಆ ಪತ್ರ ಕೇಳತೊಡಗಿದ್ದರೆ, ನಿನ್ನೆ ರಾತ್ರಿಯ ನನ್ನ ಉಪಾಯ ನಡೆಯುತ್ತಿರಲಿಲ್ಲ. ಸಾಲನ್ನು ಬದಲಿಸಬಹುದು, ಸಹಿಯನ್ನಲ್ಲ.

1993ರ ಏಪ್ರಿಲ್ 30ರಂದು ವೆಬ್ ಹುಟ್ಟಿದ ಸಂಶೋಧನಾ ಕೇಂದ್ರವಾದ ಸೆರ್ನ್ ಸಂಸ್ಥೆ ವೆಬ್ ತಂತ್ರಾಂಶವನ್ನು ಯಾವ ಶುಲ್ಕವೂ ಇಲ್ಲದೆ ಜಗತ್ತಿಗೆ ಬಿಟ್ಟುಕೊಟ್ಟಿತು. ಯಾರು ಬೇಕಾದರೂ ಬ್ರೌಸರ್ ಬರೆಯಬಹುದು, ಅದು ಯಾವ ಪುಟವನ್ನಾದರೂ ಕೇಳಬಹುದು. ನನ್ನ ಅನ್ನ ಹುಟ್ಟಿದ್ದು ಆ ನಿರ್ಧಾರದಿಂದ. ಅದಕ್ಕೇ ಬೆಳಿಗ್ಗೆ ಎದ್ದವನೇ ಆ ಕಂಪನಿಗೆ ಇಮೇಲ್ ಬರೆದೆ. ಯಾವ ಕಡತದ ಯಾವ ಸಾಲು ತೆಗೆದರೆ ಸಾಕು ಎಂಬುದನ್ನೂ ಗುರುತು ಮಾಡಿ ಕಳುಹಿಸಿದೆ. ಮಧ್ಯಾಹ್ನ ಉತ್ತರ ಬಂತು: “ನಮ್ಮ ದಾಖಲೆಯ ಪ್ರಕಾರ ಬಹುತೇಕ ಗ್ರಾಹಕರು ಕ್ರೋಮ್ ಬಳಸುತ್ತಾರೆ.”

ಅವರ ಆ ದಾಖಲೆಯಲ್ಲಿ ನಿನ್ನೆ ರಾತ್ರಿಯ ನಾನೂ ಇದ್ದೇನೆ, ಕ್ರೋಮ್ ಗ್ರಾಹಕನಾಗಿ.