ಪಿಕಾಸಿ ಮತ್ತು ಒಂದು ಸಹಿ

ಪುಸ್ತಕ ಬಿಡುಗಡೆ ಎಂದರೆ ನನಗೆ ಗೊತ್ತಿರುವುದು ನಮ್ಮ ಕಡೆಯದು. ಬಣ್ಣದ ಕಾಗದ ಸುತ್ತಿದ ಕಟ್ಟು, ಅದನ್ನು ಬಿಚ್ಚಲು ಪರದಾಡುವ ಅಧ್ಯಕ್ಷರು, ಪುಸ್ತಕವನ್ನು ಎದೆಗೆ ಹಿಡಿದು ಫೋಟೋಗೆ ನಿಲ್ಲುವ ಏಳೆಂಟು ಜನ. ಅವರಲ್ಲಿ ಒಬ್ಬರದ್ದಾದರೂ ತಲೆಕೆಳಗಾಗಿರುತ್ತದೆ. ಕೊನೆಗೆ ವಂದನಾರ್ಪಣೆ, ಉಪ್ಪಿಟ್ಟು, ಕೇಸರಿಬಾತು. ಅಮೆರಿಕದಲ್ಲಿರುವ ಮಗಳು, ‘ಭಾನುವಾರ ಒಂದು ಮ್ಯೂಸಿಯಂನಲ್ಲಿ ಬುಕ್ ಸೈನಿಂಗ್ ಇದೆ, ಬರ್ತೀಯಾ ಅಪ್ಪ?’ ಅಂದಾಗ ನಾನು ಹೊರಟಿದ್ದು ಅರ್ಧ ತಿಂಡಿಯ ಆಸೆಗೇ.

ಐಡಾಹೋ ರಾಜ್ಯದ ಪುಟ್ಟ ಗಣಿ ಊರು ಅದು. ಮ್ಯೂಸಿಯಂ ಅಂದರೆ ಎರಡು ಕೋಣೆ. ವೇದಿಕೆ ಇಲ್ಲ, ದೀಪ ಹಚ್ಚುವುದಿಲ್ಲ, ಪ್ರಾರ್ಥನೆ ಹಾಡುವವರಿಲ್ಲ. ಕಿಟಕಿ ಪಕ್ಕ ಒಂದು ಮೇಜು, ಅದರ ಹಿಂದೆ ಕಾದಂಬರಿಕಾರರು. ಕಾಡಿನ ಬೆಂಕಿ ಆರಿಸುವ ಕೆಲಸದಲ್ಲೇ ಕೂದಲು ಬೆಳ್ಳಗಾದವರಂತೆ, ಬರೆದಿದ್ದೂ ಅದನ್ನೇ. ದುಡ್ಡು ಕೊಟ್ಟು ಪುಸ್ತಕ ಕೊಳ್ಳಬೇಕು (ಗೌರವ ಪ್ರತಿಯ ಸುದ್ದಿಯೇ ಇಲ್ಲ), ಆಮೇಲೆ ಸಾಲಿನಲ್ಲಿ ನಿಲ್ಲಬೇಕು. ನಿಂತಲ್ಲಿಗೇ ಒಬ್ಬಳು ಹುಡುಗಿ ಬಂದು ನಮ್ಮ ಹೆಸರು ಕೇಳಿ, ಹಳದಿ ಚೀಟಿಯ ಮೇಲೆ ಬರೆದು ಪುಸ್ತಕದೊಳಗೆ ಅಂಟಿಸಿ ಹೋಗುತ್ತಾಳೆ. ಸಹಿ ಹಾಕುವಾಗ ಸ್ಪೆಲ್ಲಿಂಗ್ ತಪ್ಪಬಾರದಲ್ಲ, ಅದಕ್ಕೆ. ನನ್ನ ಹೆಸರಿಗೆ ಅವಳ ಚೀಟಿ ಸಾಲಲಿಲ್ಲ.

ಸಾಲು ಗೋಡೆಗುಂಟ ತೆವಳುತ್ತಿತ್ತು. ಗೋಡೆಯ ಮೇಲೆ ಒಂದು ಹತಾರ ತೂಗುಹಾಕಿದ್ದರು. ಒಂದೇ ಕಬ್ಬಿಣದ ತಲೆ. ಒಂದು ಬದಿ ಕೊಡಲಿ, ಇನ್ನೊಂದು ಬದಿ ಅಡ್ಡ ಬಾಯಿಯ ಗುದ್ದಲಿ. ಮರದ ಕಾವು ಹಿಡಿದು ಹಿಡಿದು ನುಣ್ಣಗಾಗಿ, ನಡುವೆ ಎಣ್ಣೆ ಸವರಿದ ಹಾಗೆ ಕಪ್ಪಾಗಿತ್ತು. ಇದೇನು ಅಂತ ಮುಂದಿದ್ದ ಅಜ್ಜಿಯನ್ನು ಕೇಳಿದೆ. ‘ಪುಲಾಸ್ಕಿ’ ಅಂದರು. ನನಗೆ ಕೇಳಿಸಿದ್ದು ಪಿಕಾಸಿ! ಎಲಾ, ನಮ್ಮ ಪಿಕಾಸಿ ಇಲ್ಲಿಗೂ ಬಂದುಬಿಟ್ಟಿದೆಯಲ್ಲ ಎಂದು ಹೆಮ್ಮೆಯಿಂದ ಮಗಳ ಕಡೆ ತಿರುಗಿದೆ. ‘ಅಪ್ಪಾ, ಸುಮ್ನಿರು. ಅದು ಮನುಷ್ಯನ ಹೆಸರು’ ಅಂದಳು.

ಎಡ್ ಪುಲಾಸ್ಕಿ ಇಲ್ಲಿನ ಅರಣ್ಯ ಇಲಾಖೆಯ ರೇಂಜರ್. 1910ರ ಆಗಸ್ಟ್ 20ರಂದು ಬಿರುಗಾಳಿ ಎದ್ದು, ಅಲ್ಲಲ್ಲಿ ಉರಿಯುತ್ತಿದ್ದ ಬೆಂಕಿಗಳೆಲ್ಲ ಒಂದಾದವು. ಎರಡೇ ದಿನದಲ್ಲಿ ಐಡಾಹೋ, ಮೊಂಟಾನಾ ಸೀಮೆಯಲ್ಲಿ ಸುಮಾರು 30 ಲಕ್ಷ ಎಕರೆ ಸುಟ್ಟುಹೋಯಿತು. ವಾಲೇಸ್ ಎಂಬ ಊರಿನ ಹತ್ತಿರ ಪುಲಾಸ್ಕಿಯ ಜೊತೆ ನಲವತ್ತಕ್ಕೂ ಹೆಚ್ಚು ಆಳುಗಳಿದ್ದರು. ಆತ ಅವರನ್ನು ಒಂದು ಹಳೆಯ ಗಣಿಯ ಸುರಂಗದೊಳಗೆ ನುಗ್ಗಿಸಿದ. ಬಾಗಿಲಿಗೆ ಒದ್ದೆ ಕಂಬಳಿ ಕಟ್ಟಿದ. ಹೆದರಿ ಹೊರಗೆ ಓಡಲು ನೋಡಿದವರಿಗೆ ಪಿಸ್ತೂಲು ತೋರಿಸಿ, ಹೋದರೆ ಗುಂಡು ಹೊಡೀತೀನಿ ಅಂದ. ಕೆಲವರು ಒಳಗೇ ಸತ್ತರು, ಹೆಚ್ಚಿನವರು ಬದುಕಿ ಬಂದರು. ಪುಲಾಸ್ಕಿಯ ಕಣ್ಣು ಮಾತ್ರ ಮೊದಲಿನಂತಾಗಲಿಲ್ಲ.

ಆಮೇಲಿನ ವರ್ಷಗಳಲ್ಲಿ ಆತ ಈ ಸಲಕರಣೆಯನ್ನು ತಿದ್ದಿ ತೀಡಿ ಒಂದು ರೂಪಕ್ಕೆ ತಂದ. ಬೇರು ಕಡಿ, ಕೈಯಲ್ಲೇ ತಿರುಗಿಸು, ತರಗೆಲೆ ಕೆರೆದು ಬರೀ ಮಣ್ಣು ತೆಗೆ. ಕಾಡಿನ ಬೆಂಕಿ ನಿಲ್ಲುವುದು ನೀರಿಗಿಂತ ಜಾಸ್ತಿ ಇಂಥ ಬೋಳು ಮಣ್ಣಿನ ಪಟ್ಟಿಗೆ. ಬೇಸಿಗೆಗೆ ಮುಂಚೆ ಬಂಡೀಪುರದಲ್ಲಿ ಬೆಂಕಿ ರೇಖೆ ಮಾಡುವುದೂ ಇದಕ್ಕೇ ಅಲ್ವಾ? ಆದರೂ 2019ರ ಫೆಬ್ರವರಿಯಲ್ಲಿ ಅದು ಹೊತ್ತಿಕೊಂಡಾಗ ಟಿವಿಯಲ್ಲಿ ಕಂಡದ್ದು, ಹಸಿ ಸೊಪ್ಪಿನ ಕೊಂಬೆ ಹಿಡಿದು ಬೆಂಕಿ ಬಡಿಯುತ್ತಿದ್ದ ಜನ. ಆ ಕೊಂಬೆಗೆ ಯಾರೂ ಹೆಸರಿಟ್ಟಿಲ್ಲ.

ನನ್ನ ಸರದಿ ಬಂತು. ಅರ್ಧ ನಿಮಿಷದಲ್ಲಿ ಲೇಖಕರಿಗೆ ಏನು ಹೇಳುವುದು? ಪುಸ್ತಕ ಓದಿಲ್ಲ, ಚೆನ್ನಾಗಿದೆ ಅನ್ನುವಂತಿಲ್ಲ. (ನಮ್ಮಲ್ಲಾದರೆ ಅಂದುಬಿಡುತ್ತಿದ್ದೆ.) ಗೋಡೆ ತೋರಿಸಿ, ನಮ್ಮ ಊರಲ್ಲಿ ಇದರ ಅಣ್ಣನಿಗೆ ಪಿಕಾಸಿ ಅಂತಾರೆ ಅಂದೆ. ಅವರು ಕಣ್ಣರಳಿಸಿ ಇನ್ನೊಮ್ಮೆ ಹೇಳಿಸಿದರು, ಮತ್ತೂ ಒಮ್ಮೆ ಹೇಳಿಸಿದರು. ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು, ನೆಲ ಅಗೆಯುವವರ ಹಾಗೆ ಒತ್ತಿ ಒತ್ತಿ ಬರೆದರು. ನಾನು ಥ್ಯಾಂಕ್ಸ್ ಹೇಳಿ ಸರಿದೆ. ಬಾಗಿಲ ಹತ್ತಿರ ತಟ್ಟೆಯಲ್ಲಿ ನಾಲ್ಕು ಬಿಸ್ಕತ್ತು ಇದ್ದವು, ಅಷ್ಟೇ.

ಕಾರಿನಲ್ಲಿ ಕೂತ ಮೇಲೆ ಮಗಳು ಪುಸ್ತಕ ತೆರೆದು ನಗತೊಡಗಿದಳು. ಹಳದಿ ಚೀಟಿ ಕಣ್ಣೆದುರೇ ಇದ್ದರೂ ನನ್ನ ಹೆಸರಿನಲ್ಲಿ ಎರಡು ಅಕ್ಷರ ಮಾಯ. ಕೆಳಗೆ ಪಿಕಾಸಿಯ ಸ್ಪೆಲ್ಲಿಂಗ್ ಮಾತ್ರ ಅಚ್ಚುಕಟ್ಟು.

‘ಆತ್ಮೀಯ ಮಿತ್ರರಿಗೆ, ವಿಶ್ವಾಸದಿಂದ’ ಎಂದು ಲೇಖಕರು ಬರೆದುಕೊಟ್ಟ ಪುಸ್ತಕಗಳನ್ನು ಅವೆನ್ಯೂ ರೋಡಿನಲ್ಲಿ ಇಪ್ಪತ್ತು ರೂಪಾಯಿಗೆ ಕೊಂಡವನು ನಾನು. ಮಾರಿದ ಮಿತ್ರರ ಹೆಸರು ಒಳಗೆ ಇದ್ದೇ ಇರುತ್ತದೆ, ಪಾಪ. ಈ ಪುಸ್ತಕ ಮುಂದೊಂದು ದಿನ ಅಲ್ಲಿಗೆ ಹೋದರೂ ನನಗೆ ಆ ಚಿಂತೆ ಇಲ್ಲ.