ದಿನಕ್ಕೆ ನೂರು ಜಂಪ್ ಬೇಡ

ಇನ್ನೂ ಎತ್ತರಕ್ಕೆ ನೆಗೆಯುವುದು ಹೇಗೆ ಎಂಬ ನಿಮ್ಮ ಲೇಖನ ಚೆನ್ನಾಗಿದೆ. ಆದರೆ ‘ದಿನಾ 100 ಸಲ ನೆಗೆದರೆ ಎತ್ತರ ತಾನಾಗಿ ಬರುತ್ತದೆ’ ಎಂಬ ಮಾತು ಮಾತ್ರ ಒಪ್ಪಲಾಗಲಿಲ್ಲ. ವಾಲಿಬಾಲ್ ಆಡುತ್ತಿದ್ದಾಗ ನಾನೂ ಅದನ್ನೇ ಮಾಡಿದ್ದೆ. ಎರಡು ತಿಂಗಳಿಗೆ ಸಿಕ್ಕಿದ್ದು ಎತ್ತರವಲ್ಲ, ಮಂಡಿಚಿಪ್ಪಿನ ಕೆಳಗೆ ನೋವು. ಮೆಟ್ಟಿಲು ಇಳಿಯುವಾಗ ಸೂಜಿ ಚುಚ್ಚಿದ ಹಾಗಾಗುತ್ತಿತ್ತು.

ಸುಸ್ತಾದ ಮೇಲೂ ನೆಗೆಯುತ್ತಿದ್ದರೆ ದಮ್ಮು ಹೆಚ್ಚಬಹುದು, ಎತ್ತರವಲ್ಲ. ಎತ್ತರಕ್ಕೆ ನೆಗೆಯಲು ಕಣ್ಣು ಮಿಟುಕಿಸುವಷ್ಟರಲ್ಲಿ ಜಾಸ್ತಿ ಬಲ ಹಾಕಬೇಕು. ಅದಕ್ಕೆ ಮೊದಲು ಕಾಲಲ್ಲಿ ಬಲ ಇರಬೇಕು, ಅಲ್ವಾ? ಸ್ಕ್ವಾಟ್ (ಮಂಡಿ ಮಡಚಿ ಕೆಳಗಿಳಿದು ಏಳುವ ವ್ಯಾಯಾಮ) ಬಿಟ್ಟು ಬರೀ ಜಂಪ್ ಮಾಡಿದರೆ ಅರ್ಧ ಕೆಲಸ ಅಷ್ಟೇ. ನಾನು ಆಮೇಲೆ ಸೆಟ್ಟಿಗೆ 5 ಜಂಪ್‌ಗೆ ಇಳಿಸಿದೆ. ಪ್ರತಿಯೊಂದೂ ಪೂರ್ತಿ ಜೋರಿನಲ್ಲಿ, ಸೆಟ್ಟುಗಳ ನಡುವೆ 2 ನಿಮಿಷ ಸುಮ್ನೆ ಕೂರುವುದು, ವಾರಕ್ಕೆ 2 ದಿನ. ನಿಜ ಹೇಳಬೇಕೆಂದರೆ ಆ ಕೂರುವುದೇ ಕಷ್ಟ!

ಡೆಪ್ತ್ ಜಂಪ್ ಬಗ್ಗೆ ಒಂದೇ ಸಾಲು ಬರೆದಿದ್ದೀರಿ. ಸೋವಿಯತ್ ಕೋಚ್ ಯೂರಿ ವೆರ್ಖೊಶಾನ್ಸ್ಕಿ 1960ರ ದಶಕದಲ್ಲಿ ಬೆಳೆಸಿದ ವಿಧಾನ ಅದು. ಪೆಟ್ಟಿಗೆಯಿಂದ ಕೆಳಗೆ ಹೆಜ್ಜೆ ಇಟ್ಟು, ನೆಲ ಮುಟ್ಟಿದ ಕೂಡಲೇ ಮೇಲಕ್ಕೆ ಚಿಮ್ಮಬೇಕು. ಸ್ನಾಯುವನ್ನು ಮೂಳೆಗೆ ಜೋಡಿಸುವ ಸ್ನಾಯುರಜ್ಜು ಆಗ ಎಳೆದ ರಬ್ಬರ್ ಇದ್ದ ಹಾಗೆ. ತಡ ಮಾಡಿದರೆ ಆ ಶಕ್ತಿ ಸೋರಿಹೋಗುತ್ತದೆ. ಹಿಮ್ಮಡಿ ಧಪ್ ಎಂದು ನೆಲಕ್ಕೆ ಬಡಿಯುತ್ತಿದ್ದರೆ ಪೆಟ್ಟಿಗೆ ನಿಮಗೆ ಎತ್ತರವಾಯಿತು ಎಂದರ್ಥ. 30 ಸೆಂ.ಮೀ.ನಿಂದ ಶುರು ಮಾಡಿದರೆ ಸಾಕು, ಅದೂ ಸ್ಕ್ವಾಟ್ ಚೆನ್ನಾಗಿ ಪಳಗಿದ ಮೇಲೆ.

ಕೈ ಬೀಸುವುದನ್ನಂತೂ ಮರೆತೇಬಿಟ್ಟಿದ್ದೀರಿ. ಸೊಂಟದ ಮೇಲೆ ಕೈ ಇಟ್ಟು ಒಮ್ಮೆ, ಬೀಸಿ ಒಮ್ಮೆ ನೆಗೆದು ನೋಡಿ. ವ್ಯತ್ಯಾಸ ಅಲ್ಲೇ ಗೊತ್ತಾಗುತ್ತದೆ.