ಇಂಟರ್ನೆಟ್ ಇಲ್ಲ, ಸುರಕ್ಷಿತವಾಗಿದೆ

ಬೆಂಗಳೂರಿನ ಕಂಬಗಳಿಗೆ ಜೋತುಬಿದ್ದ ಕೇಬಲ್‌ಗಳನ್ನೆಲ್ಲ ಕತ್ತರಿಸಿ ಹಾಕುತ್ತಾರಂತೆ ಎಂಬ ಸುದ್ದಿಯನ್ನು ನೀವೂ ಓದಿರುತ್ತೀರಿ. ಮಾವಿನಹಣ್ಣಿನ ಹಾಗೆ ವರ್ಷವರ್ಷ ಬರುವ ಸುದ್ದಿ. ಗಡುವು ಕೊಡುತ್ತಾರೆ, ಗಡುವು ಮುಗಿಯುತ್ತದೆ, ಕೇಬಲ್ ಅಲ್ಲೇ ಇರುತ್ತದೆ, ಪಕ್ಕದಲ್ಲಿ ಇನ್ನೆರಡು ಸೇರಿಕೊಂಡಿರುತ್ತವೆ. ನಾನೂ ಕಾಫಿ ಕುಡಿಯುತ್ತ, 'ಕತ್ತರಿಸಲಿ ಬಿಡು, ಫುಟ್‌ಪಾತ್ ಮೇಲೆ ನಡೆದರೆ ಕುತ್ತಿಗೆಗೆ ಹಾರ ಬೀಳುತ್ತೆ' ಎಂದು ಹೆಂಡತಿಗೆ ಹೇಳಿ ಪೇಪರ್ ಮಡಿಸಿಟ್ಟೆ. ನನ್ನ ಮನೆಯ ಇಂಟರ್ನೆಟ್ ಯಾವ ದಾರಿಯಲ್ಲಿ ಬರುತ್ತದೆಂದು ಯೋಚಿಸಿದವನೇ ಅಲ್ಲ. ವೈರ್‌ಲೆಸ್ ಅಂದಮೇಲೆ ಗಾಳಿಯಲ್ಲಿ ಬರುತ್ತಿರಬೇಕು.

ಮಾರನೇ ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದರೆ ಪರದೆಯ ಮೂಲೆಯಲ್ಲಿ ಒಂದು ಸಾಲು: 'ನೋ ಇಂಟರ್ನೆಟ್, ಸೆಕ್ಯೂರ್ಡ್.' ಇಂಟರ್ನೆಟ್ ಇಲ್ಲ, ಸುರಕ್ಷಿತವಾಗಿದೆ. ಈ ಸಾಲು ಬರೆದ ಪುಣ್ಯಾತ್ಮನ ಕೈಗೆ ಬಂಗಾರದ ಕಡಗ ತೊಡಿಸಬೇಕು. ಕೆರೆಯಲ್ಲಿ ನೀರಿಲ್ಲ, ಏರಿ ಭದ್ರವಾಗಿದೆ. ಖಜಾನೆಯಲ್ಲಿ ಕಾಸಿಲ್ಲ, ಬೀಗ ಗಟ್ಟಿಯಾಗಿದೆ. ಇಷ್ಟು ದಿನ ವಿಧಾನಸಭೆಯ ಉತ್ತರಗಳನ್ನು ಯಾರು ಬರೆದುಕೊಡುತ್ತಾರೆಂದು ತಲೆಕೆಡಿಸಿಕೊಂಡಿದ್ದೆ.

ಇಂಟರ್ನೆಟ್ ಇಲ್ಲ ಎಂಬುದು ಕಂಪ್ಯೂಟರಿಗೆ ತಿಳಿಯುವ ಬಗೆಯೂ ಸೊಗಸಾಗಿದೆ. ವಿಂಡೋಸ್ ತನ್ನ ತವರಾದ ಮೈಕ್ರೋಸಾಫ್ಟ್‌ನ ಒಂದು ವಿಳಾಸಕ್ಕೆ ಹೋಗಿ ಪುಟ್ಟ ಫೈಲೊಂದನ್ನು ಕೇಳುತ್ತದೆ. ಅದರೊಳಗೆ ಇರುವುದು 'ಮೈಕ್ರೋಸಾಫ್ಟ್ ಕನೆಕ್ಟ್ ಟೆಸ್ಟ್' ಎಂಬ ಮೂರು ಪದ. ಅವು ಬಂದರೆ ಲೋಕ ನೆಟ್ಟಗಿದೆ, ಬಾರದಿದ್ದರೆ ಇಲ್ಲ. ನಮ್ಮ ಹಳೇ ವಠಾರದಲ್ಲಿ ಒಬ್ಬರು ಅಜ್ಜಿ ದಿನಾ ಬೆಳಿಗ್ಗೆ ಗೋಡೆಯಾಚೆಗೆ 'ಸೀತಮ್ಮಾ' ಎಂದು ಕೂಗುತ್ತಿದ್ದರು. 'ಏನ್ರೀ' ಅಂತ ಬಂದರೆ ಆಯಿತು, ಇನ್ನೇನೂ ಕೇಳುತ್ತಿರಲಿಲ್ಲ. ಸೀತಮ್ಮ ಇದ್ದಾರೆ, ಇವತ್ತಿನ ಮಟ್ಟಿಗೆ ಚಿಂತೆಯಿಲ್ಲ. ಸಾವಿರಾರು ಕೋಟಿಯ ಕಂಪನಿ ಮಾಡುತ್ತಿರುವುದೂ ಅದನ್ನೇ.

ಇರಲಿ. ಆ ಮೂಲೆಯನ್ನೇ ಒತ್ತಿದರೆ 'ಟ್ರಬಲ್‌ಶೂಟ್' ಎಂಬ ಏರ್ಪಾಡು ಸಿಗುತ್ತದೆ. ಒತ್ತಿದೆ. ಹಸಿರು ಪಟ್ಟಿಯೊಂದು ಎಡದಿಂದ ಬಲಕ್ಕೆ ಓಡಿತು. ಮತ್ತೆ ಎಡದಿಂದ ಬಲಕ್ಕೆ ಓಡಿತು. ನಮ್ಮ ನಾಡಿನ ತನಿಖಾ ಆಯೋಗಗಳ ಕಾಲಾವಧಿ ವಿಸ್ತರಣೆಯನ್ನು ಕಂಡವನಾದ್ದರಿಂದ ನಾನು ಕಾದೆ. ಕೊನೆಗೆ ವರದಿ ಬಂತು: ಸಮಸ್ಯೆಯನ್ನು ಗುರುತಿಸಲು ಆಗಲಿಲ್ಲ. ಅದರ ಕೆಳಗೆ ಒಂದು ಶಿಫಾರಸು: ಹೆಚ್ಚಿನ ನೆರವಿಗೆ ಆನ್‌ಲೈನ್‌ನಲ್ಲಿ ನೋಡಿ.

ನಮ್ಮ ತಾತನ ಕಾಲದಲ್ಲಿ ಮನೆಯಲ್ಲಿ ರೇಡಿಯೊ ಇಟ್ಟುಕೊಳ್ಳುವುದಕ್ಕೂ ಲೈಸೆನ್ಸ್ ಬೇಕಿತ್ತು. ಪೋಸ್ಟಾಫೀಸಿಗೆ ಹೋಗಿ ದುಡ್ಡು ಕಟ್ಟಿ, ಪಾಸ್‌ಬುಕ್ಕಿನಂಥ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದರು. ಆ ರೇಡಿಯೊ ಗೊರಗೊರ ಅಂದರೆ ತಾತ ಅದರ ತಲೆಗೊಂದು ತಟ್ಟುತ್ತಿದ್ದರು, ವಾರ್ತೆ ಮುಂದುವರಿಯುತ್ತಿತ್ತು. ಆಕಾಶದ ಅಲೆಗಳೆಲ್ಲ ಸರ್ಕಾರದ ಆಸ್ತಿ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ವೈ-ಫೈ ಬಳಸುವ 2.4 ಗಿಗಾಹರ್ಟ್ಸ್ ಅಲೆಗಳಿಗೆ ಲೈಸೆನ್ಸ್ ಬೇಡವೆಂದು ನಮ್ಮ ದೇಶದಲ್ಲಿ ಹೇಳಿದ್ದು 2005ರಲ್ಲಿ. ಜಗತ್ತು ಅದಕ್ಕೆ 'ವೈ-ಫೈ' ಎಂದು ನಾಮಕರಣ ಮಾಡಿದ್ದು 1999ರಲ್ಲಿ. ಹೆಸರಿಗೆ ಅರ್ಥವಿದೆ ಅಂದುಕೊಂಡಿದ್ದೀರಾ? ಇಲ್ಲ. ಹೆಸರಿಡುವುದನ್ನೇ ಕಸುಬಾಗಿಸಿಕೊಂಡ ಕಂಪನಿಯೊಂದಕ್ಕೆ ದುಡ್ಡು ಕೊಟ್ಟು, ಕಿವಿಗೆ ಇಂಪಾಗಲಿ ಅಂತ ಇಡಿಸಿದ ಹೆಸರು. ಈಗಿನ ಮಕ್ಕಳ ಹೆಸರುಗಳಂತೆಯೇ. ಅರ್ಥ ಕೇಳಿದರೆ ಅಪ್ಪ ಅಮ್ಮನ ಮುಖ ನೋಡುತ್ತಾನೆ.

ಆ 2.4ರ ಸುತ್ತಮುತ್ತಲೇ ಅಡುಗೆಮನೆಯ ಮೈಕ್ರೋವೇವ್ ಒಲೆಯೂ ಕೆಲಸ ಮಾಡುತ್ತದೆ. ಹಾಗಾಗಿ ನಮ್ಮ ಮನೆಯಲ್ಲಿ ಸಾರು ಬಿಸಿಯಾಗುವಾಗ ಮಗಳ ಮೀಟಿಂಗ್‌ನಲ್ಲಿ ಅಮೆರಿಕದವರು ಬಾಯಿ ತೆರೆದುಕೊಂಡೇ ಕಲ್ಲಾಗುತ್ತಾರೆ. ಮೂರು ನಿಮಿಷದ ಮೇಲೆ 'ಟಿಣ್' ಅಂದಾಗ ಅವರಿಗೆ ಮತ್ತೆ ಜೀವ ಬರುತ್ತದೆ. ನಿನ್ನೆಯ ಹುಳಿಯಿಂದ ಕ್ಯಾಲಿಫೋರ್ನಿಯಾ ನಿಂತುಹೋಗುತ್ತದೆ ಎಂಬುದು ನನ್ನ ಹೆಂಡತಿಗೆ ಒಳಗೊಳಗೇ ಹೆಮ್ಮೆ.

ತಂಗಿಯ ಮಗನಿಗೆ ಫೋನ್ ಹಚ್ಚಿದೆ. ಪ್ರತಿ ಕುಟುಂಬದಲ್ಲೂ ಇಂಥ ಒಬ್ಬ ಇರುತ್ತಾನೆ. ಎಂಜಿನಿಯರಿಂಗ್ ಓದಿದ ತಪ್ಪಿಗೆ ಬಂಧುಬಳಗದ ಪ್ರಿಂಟರು, ಟೀವಿ, ಸಿಸಿ ಕ್ಯಾಮೆರಾಗಳೆಲ್ಲ ಅವನ ಪಾಲಿಗೆ. ಪಾಪ, ಅವನು ಓದಿದ್ದು ಸಿವಿಲ್.

'ಮಾಮ, ಲಿಸ್ಟಲ್ಲಿ ಎಷ್ಟು ವೈ-ಫೈ ತೋರಿಸ್ತಿದೆ ನೋಡಿ' ಅಂದ. ಎಣಿಸಿದೆ, ಇಪ್ಪತ್ತಾರು. ನಮ್ಮ ಅಪಾರ್ಟ್‌ಮೆಂಟಿನ ನೆರೆಹೊರೆಯವರ ಅಂತರಂಗ ನನಗೆ ತಿಳಿದದ್ದೇ ಆ ಪಟ್ಟಿಯಿಂದ. ಲಿಫ್ಟಿನಲ್ಲಿ ತಲೆ ಎತ್ತದ ಮೂರನೇ ಮಹಡಿಯವರು 'ಪಾಸ್‌ವರ್ಡ್ ಕೇಳಿದ್ರೆ ಹುಷಾರ್' ಎಂದು ಇಟ್ಟುಕೊಂಡಿದ್ದಾರೆ. ಇನ್ನೊಂದು 'ಸ್ವಂತದ್ ಹಾಕಿಸ್ಕೊಳ್ಳಿ'. ಒಂದರ ಹೆಸರು 'ಗುರುರಾಯರು 5ಜಿ'. ಅದನ್ನು ಕಂಡಾಗಲೆಲ್ಲ ನನಗೆ ಕೈಮುಗಿಯಬೇಕೋ ಕನೆಕ್ಟ್ ಮಾಡಬೇಕೋ ತಿಳಿಯುವುದಿಲ್ಲ.

ತೊಂದರೆ ಏನೆಂದರೆ, ಇಷ್ಟೂ ಮಂದಿಗೆ 2.4ರಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಇರುವುದು ಮೂರೇ: 1, 6, 11. ಇಪ್ಪತ್ತಾರು ರೂಟರ್, ಮೂರು ಚಾನೆಲ್. ಛತ್ರದ ಊಟದ ಹಾಲಿನಲ್ಲಿ ಎಲೆಯ ಮುಂದೆ ಕೂತವನ ಬೆನ್ನ ಹಿಂದೆಯೇ ಮುಂದಿನ ಪಂಕ್ತಿಯವರು ನಿಂತಿರುತ್ತಾರಲ್ಲ, ಹಾಗೆ. '5 ಗಿಗಾಹರ್ಟ್ಸ್‌ಗೆ ಬದಲಾಯಿಸ್ಕೊಳ್ಳಿ' ಅಂದ. ಅದೂ ನೋಡಿ ಆಗಿದೆ. ಅದು ಹೊಸ ಅಳಿಯನ ಹಾಗೆ, ಹಾಲ್ ದಾಟಿ ಒಳಗೆ ಬರುವುದಿಲ್ಲ. ನನ್ನ ಕಂಪ್ಯೂಟರ್ ಇರುವುದು ಎರಡು ಗೋಡೆ, ಒಂದು ಗಾಡ್ರೆಜ್ ಬೀರುವಿನ ಆಚೆ.

ಹೋದ ತಿಂಗಳ ಕಾಯಿಲೆ ಬೇರೆ ಇತ್ತು. ಆಗ ಹುಡುಗ ಕಪ್ಪು ಪರದೆಯೊಂದನ್ನು ತೆರೆಸಿ 'ಐಪಿಕಾನ್ಫಿಗ್' ಅಂತ ಟೈಪ್ ಮಾಡಿಸಿದ್ದ. 169.254 ಎಂದು ಶುರುವಾಗುವ ಒಂದು ನಂಬರ್ ಬಂತು. 'ಮಾಮ, ರೂಟರ್ ವಿಳಾಸ ಕೊಟ್ಟಿಲ್ಲ, ಕಂಪ್ಯೂಟರೇ ತನಗೆ ತಾನೇ ಒಂದು ವಿಳಾಸ ಹಾಕ್ಕೊಂಡಿದೆ' ಅಂದ. ನನಗೆ ತಕ್ಷಣ ಅರ್ಥವಾಯಿತು. ರೆವಿನ್ಯೂ ಸೈಟಿನಲ್ಲಿ ಮನೆ ಕಟ್ಟಿ, ಗೇಟಿನ ಮೇಲೆ ತಾನೇ ಡೋರ್ ನಂಬರ್ ಬರೆದುಕೊಂಡ ಕೇಸು. ಬಿ ಖಾತಾ. ಆ ವಿಳಾಸ ಇಟ್ಟುಕೊಂಡು ಮನೆಯೊಳಗೆ ಓಡಾಡಬಹುದು, ಹೊರಗೆ ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. 'ರಿಲೀಸ್', 'ರಿನ್ಯೂ' ಎಂದು ಎರಡು ಸಾಲು ಬರೆಸಿ ಹುಡುಗ ಎರಡು ನಿಮಿಷದಲ್ಲಿ ಎ ಖಾತಾ ಮಾಡಿಸಿಕೊಟ್ಟ. ಲಂಚವಿಲ್ಲ, ಮಧ್ಯವರ್ತಿಯಿಲ್ಲ, ಡ್ರೋನ್ ಸರ್ವೆಯಿಲ್ಲ. ಇಡೀ ಬೆಂಗಳೂರನ್ನು ಆ ಕಪ್ಪು ಪರದೆಯ ಮುಂದೆ ಕೂರಿಸಬಾರದೇ ಅನ್ನಿಸಿತ್ತು.

ಈ ಸಲ ವಿಳಾಸ ಸರಿಯಾಗಿಯೇ ಇತ್ತು. 'ಹಾಗಾದ್ರೆ ಕಂಪನಿಯವರಿಗೇ ಹೇಳಿ' ಎಂದು ಅವನು ಕೈತೊಳೆದುಕೊಂಡ.

ಕಂಪನಿಗೆ ಫೋನ್ ಮಾಡಿದೆ. ಕನ್ನಡಕ್ಕಾಗಿ ಎರಡು ಒತ್ತಿ ಅಂದರು, ಒತ್ತಿದೆ. ಆಪ್‌ನಲ್ಲಿ ದೂರು ಕೊಟ್ಟರೆ ಬೇಗ ಪರಿಹಾರ ಎಂದು ಒಂದು ದನಿ ಹಾಡಿನ ನಡುನಡುವೆ ಹೇಳುತ್ತಿತ್ತು. ಆಪ್ ತೆರೆಯಲು ಏನು ಬೇಕೆಂಬುದನ್ನು ಆ ದನಿ ಹೇಳಲಿಲ್ಲ. ಹದಿನಾಲ್ಕು ನಿಮಿಷದ ಮೇಲೆ ಒಂದು ಹುಡುಗಿ ಸಿಕ್ಕಳು.

'ಸರ್, ರೂಟರ್ ಆಫ್ ಮಾಡಿ, ಹತ್ತು ಸೆಕೆಂಡ್ ಬಿಟ್ಟು ಆನ್ ಮಾಡಿ.'

'ಆರು ಸಲ ಮಾಡಿದ್ದೀನಮ್ಮ.'

'ಇನ್ನೊಂದ್ಸಲ ಮಾಡಿ ಸರ್.'

ಮಾಡಿದೆ. ಇದನ್ನು ತಮಾಷೆ ಮಾಡುವುದು ಸುಲಭ, ಆದರೆ ಮದ್ದು ಸುಳ್ಳಲ್ಲ. ತಿಂಗಳುಗಟ್ಟಲೆ ಉರಿಯುತ್ತಲೇ ಇರುವ ರೂಟರ್‌ನ ನೆನಪಿನಲ್ಲಿ ಹಳೇ ಕಸ ತುಂಬಿರುತ್ತದೆ. ಆರಿಸಿ ಹಚ್ಚಿದರೆ ಕಸ ಹೋಗುತ್ತದೆ, ಹೊಸದಾಗಿ ವಿಳಾಸ ಕೇಳುತ್ತದೆ. ಒಂಬತ್ತು ರೋಗಕ್ಕೆ ಶುಂಠಿ ಕಷಾಯ ಸಾಕು. ನನ್ನದು ಹತ್ತನೆಯದು.

'ಸರ್, ಎಲ್‌ಒಎಸ್ ಅಂತ ಬರೆದಿರೋ ಕಡೆ ಕೆಂಪು ಲೈಟ್ ಬ್ಲಿಂಕ್ ಆಗ್ತಿದ್ಯಾ?'

ಈ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಕೊಡುವುದು ಕಷ್ಟವಾಯಿತು. ನಮ್ಮ ರೂಟರ್ ಇರುವುದು ದೇವರಗೂಡಿನ ಪಕ್ಕ, ಯಾಕೆಂದರೆ ಪ್ಲಗ್ ಪಾಯಿಂಟ್ ಇರುವುದು ಅಲ್ಲಿ. ಆಯುಧಪೂಜೆಯ ದಿನ ಸ್ಕೂಟರ್, ಮಿಕ್ಸಿ, ಇಳಿಗೆಮಣೆ ಎಲ್ಲಕ್ಕೂ ಆದ ಉಪಚಾರ ಅದಕ್ಕೂ ಆಗಿದೆ. ಅರಿಸಿನ, ಕುಂಕುಮ, ಒಂದು ಚೆಂಡುಹೂವು. ಸಾಲಾಗಿದ್ದ ಐದು ದೀಪಗಳ ಮೇಲೂ ಕುಂಕುಮ. ಗಾಳಿಯಾಡುವ ತೂತುಗಳಲ್ಲಿ ಅರಿಸಿನ. 'ಎಲ್ಲಾ ಲೈಟೂ ಕೆಂಪಗೇ ಇದೆಯಮ್ಮ' ಅಂದೆ. ಅವಳು ಕ್ಷಣಹೊತ್ತು ಸುಮ್ಮನಾದಳು. ಒದ್ದೆ ಬಟ್ಟೆ ತಂದು ಒರೆಸಿದೆ. ನಾಲ್ಕು ಹಸಿರಾದವು. ಒಂದು ಮಾತ್ರ ಎಷ್ಟು ಒರೆಸಿದರೂ ಕೆಂಪಾಗೇ ಮಿಣುಕುತ್ತಿತ್ತು. ಲಾಸ್ ಆಫ್ ಸಿಗ್ನಲ್. ಹೊರಗಿನ ಗಾಜಿನ ದಾರದಲ್ಲಿ ಬೆಳಕೇ ಬರುತ್ತಿಲ್ಲ ಅಂತ ಅರ್ಥ.

'ಅಂದ್ರೆ ತೊಂದರೆ ನಿಮ್ಮ ಕೇಬಲ್‌ನದು ತಾನೇ?'

'ಟಿಕೆಟ್ ರೈಸ್ ಮಾಡಿದೀನಿ ಸರ್. 24 ಗಂಟೆ ಟೈಮ್ ಕೊಡಿ.'

ಸಂಜೆ ಎಸ್ಸೆಮ್ಮೆಸ್ ಬಂತು. ನಿಮ್ಮ ದೂರನ್ನು ಪರಿಹರಿಸಲಾಗಿದೆ. ಕಾರಣ: ಗ್ರಾಹಕರ ಉಪಕರಣದ ದೋಷ.

ಎರಡನೇ ದಿನವೂ ಅದೇ. ಎರಡನೇ ಹುಡುಗಿ, ಅದೇ ಹತ್ತು ಸೆಕೆಂಡು, ಬೇರೆ ಟಿಕೆಟ್ ನಂಬರ್. ನಿಮ್ಮ ಗೋಡೆ ದಪ್ಪ ಸರ್. ನಿಮ್ಮ ಕಂಪ್ಯೂಟರ್ ಹಳೇದು ಸರ್. ಮನೆಯಲ್ಲಿ ಫೋನುಗಳು ಎಷ್ಟಿವೆ ಸರ್? ನಮ್ಮ ಪ್ಲಾನ್ '100 ಎಂಬಿಪಿಎಸ್ ವರೆಗೆ'. ಸೊನ್ನೆಯೂ ಆ 'ವರೆಗೆ'ಯ ಒಳಗೇ ಬರುತ್ತದೆ, ತಕರಾರಿಲ್ಲ. ಆದರೆ ದುಡ್ಡು ಕಟ್ಟಿದವನು ಕತ್ತಲೆಯಲ್ಲಿ ಕೂತು ತಾನು ತಪ್ಪಿತಸ್ಥನಲ್ಲ ಎಂದು ಸಾಬೀತು ಮಾಡಬೇಕು ಎಂಬುದು ಯಾವ ಊರ ನ್ಯಾಯ?

ನನ್ನದಾದರೂ ಬಿಡಿ, ಹೊಟ್ಟೆ ತುಂಬಿದವನ ಗೋಳು. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಗುತ್ತಿಗಾರು ಕಡೆಯ ಬಳ್ಳಕ್ಕದ ಫೋಟೊ ನೆನಪಿದೆಯೇ? ಎಸ್ಸೆಸ್ಸೆಲ್ಸಿ ಹುಡುಗಿ ಮಳೆಯಲ್ಲಿ ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದಾಳೆ, ಅಪ್ಪ ಕೊಡೆ ಹಿಡಿದು ನಿಂತಿದ್ದಾನೆ. ಮನೆಯಲ್ಲಿ ಸಿಗ್ನಲ್ ಇಲ್ಲ. ಅಪ್ಪನ ಪ್ರೀತಿ ನೋಡಿ, ಎಂಥ ಮಮತೆ ನೋಡಿ ಎಂದು ನಾಡೆಲ್ಲ ಕಣ್ಣೊರೆಸಿಕೊಂಡಿತು, ನಾನೂ ಹಂಚಿಕೊಂಡೆ. ಆ ಮನುಷ್ಯ ಅಲ್ಲಿ ಯಾಕೆ ನಿಂತಿರಬೇಕಾಯಿತು ಎಂದು ನನಗೆ ಸಿಟ್ಟು ಬರಲಿಲ್ಲವಲ್ಲ, ಅದಕ್ಕೆ ಈಗ ನಾಚಿಕೆಯಾಗುತ್ತದೆ. ದಿಲ್ಲಿಯ ಕಾಗದದಲ್ಲಿ ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು 2004ರಲ್ಲಿ 256 ಕೆಬಿಪಿಎಸ್ ಸಾಕಿತ್ತು, 2023ರಲ್ಲಿ ಅದು 2 ಎಂಬಿಪಿಎಸ್, ಅಂದರೆ ಸುಮಾರು ಎಂಟು ಪಟ್ಟು ಆಯಿತು. ವ್ಯಾಖ್ಯಾನಕ್ಕೆ ವೇಗ ಬಂತು, ಗುಡ್ಡಕ್ಕೆ ಬರಲಿಲ್ಲ. ನ್ಯಾಯಬೆಲೆ ಅಂಗಡಿಯ ಮುಂದೆ ಕೂಲಿ ಬಿಟ್ಟು ನಿಂತವಳು ಹೆಬ್ಬೆರಳು ಒತ್ತುತ್ತಾಳೆ, 'ಸರ್ವರ್ ಇಲ್ಲ, ನಾಳೆ ಬಾಮ್ಮ' ಅನ್ನುತ್ತಾರೆ. ಅವಳ ಒಂದು ದಿನದ ಕೂಲಿಗೆ ಟಿಕೆಟ್ ರೈಸ್ ಮಾಡುವವರು ಯಾರು? ರೂಟರ್ ಇರುವವನಿಗೆ ಆರಿಸಿ ಹಚ್ಚಲು ಏನಾದರೂ ಉಂಟು. ಅವಳು ಏನನ್ನು ಆರಿಸಬೇಕು?

ಸಾಕು, ಬಿಪಿ ಗುಳಿಗೆ ನುಂಗಿದ್ದೀನಿ.

ಮೂರನೇ ದಿನ ಮಧ್ಯಾಹ್ನ ಒಬ್ಬ ಹುಡುಗ ಬಂದ. ಬೆನ್ನಿಗೆ ಚೀಲ, ಹೆಗಲಿಗೆ ಒಂದು ಸುರುಳಿ ಕೇಬಲ್. ಇವತ್ತಿಗೆ ನನ್ನದು ಅವನ ಹನ್ನೊಂದನೇ ಮನೆಯಂತೆ, ಊಟ ಆಗಿರಲಿಲ್ಲ. ಮನೆಯೊಳಗೆ ಕಾಲಿಡಲಿಲ್ಲ. ಗೇಟಿನ ಹತ್ತಿರ ನಿಂತು ತಲೆ ಎತ್ತಿ ಹೊಂಗೆಮರವನ್ನೇ ನೋಡಿದ. ಕಂಬದಿಂದ ಹೊರಟ ನನ್ನ ವೈರ್‌ಲೆಸ್ ಇಂಟರ್ನೆಟ್ಟು ಆ ಮರದ ಮೂರು ಕೊಂಬೆ ಸುತ್ತಿ, ಎದುರುಮನೆಯವರ ಗ್ರಿಲ್ಲಿಗೆ ಒಂದು ಗಂಟು ಹಾಕಿಕೊಂಡು ನಮ್ಮ ಮನೆಗೆ ಬರುತ್ತಿರುವುದನ್ನು ನಾನು ಮೊದಲ ಸಲ ನೋಡಿದೆ.

'ಅಳಿಲು ಸಾರ್' ಅಂದ.

ಸ್ಕೂಟರ್ ಸೀಟಿನ ಮೇಲೆ ನಿಂತು ತುಂಡಾದ ಎರಡು ತುದಿಗಳನ್ನು ಇಳಿಸಿಕೊಂಡ. ಕಪ್ಪು ಸಿಪ್ಪೆ ಸುಲಿದರೆ ಒಳಗೆ ಕೂದಲಿನಷ್ಟು ತೆಳ್ಳಗಿನ ಗಾಜಿನ ಎಳೆ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ತುದಿ ಕತ್ತರಿಸಿ, ಟಿಫಿನ್ ಡಬ್ಬಿಯಷ್ಟಿದ್ದ ಒಂದು ಯಂತ್ರದಲ್ಲಿ ಎರಡನ್ನೂ ಎದುರುಬದುರಾಗಿ ಮಲಗಿಸಿದ. ಒಂದು ಕಿಡಿ ಹಾರಿತು, ಎರಡು ಎಳೆ ಒಂದಾದವು. ಒಳಗಿನಿಂದ ಹೆಂಡತಿ, 'ರೀ, ಕೆಂಪು ಹೋಯ್ತು' ಎಂದು ಕೂಗಿದಳು. ಹತ್ತು ನಿಮಿಷದ ಕೆಲಸ. ಉಳಿದ ಕೇಬಲ್ಲನ್ನು ಸುರುಳಿ ಸುತ್ತಿ, ಟೇಪು ಹಚ್ಚಿ, ಅದೇ ಹೊಂಗೆಯ ಅದೇ ಕೊಂಬೆಗೆ ಕಟ್ಟಿದ. ಇನ್ನೊಂದು ಕೊಂಬೆಯಲ್ಲಿ ಅಳಿಲು ಬಾಲ ಎತ್ತಿಕೊಂಡು ನೋಡುತ್ತಿತ್ತು.

ಕಾಫಿ ಕುಡಿದು ಲೋಟ ಕೆಳಗಿಟ್ಟು ಫೋನ್ ಮುಂದೆ ಹಿಡಿದ. 'ಸಾರ್, ಐದು ಸ್ಟಾರ್ ಒತ್ತಿಬಿಡಿ.'

'ರಾತ್ರಿ ನಿಧಾನಕ್ಕೆ ಒತ್ತುತ್ತೀನಪ್ಪ' ಅಂದೆ.

'ಈಗಲೇ ಒತ್ತಿ ಸಾರ್. ನೆಟ್ ಇದೆಯಲ್ಲ. ಕೇಬಲ್ ಕತ್ತರಿಸೋರು ಇವತ್ತು ಪಕ್ಕದ ರಸ್ತೆಗೆ ಬಂದಿದ್ದಾರೆ.'